ಬದಲಿ ಡ್ರೈವ್

೧೪ ಮಾರ್ಚ್

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಕೆಲಸದ ನೆಪ ಹೇಳಿದರೆ ನೀನು ನಂಬುವವಳಲ್ಲ. ಹೆದರಿಕೊಂಡು ಕೂತಿದ್ದೆ, ಅಷ್ಟೇ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ‘ಹಲೋ’ ಕೇಳಿದ ಕೂಡಲೇ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ.

ಭಾವನ ಹಾರ್ಡ್ ಡ್ರೈವ್ ಟಿಕ್ ಟಿಕ್ ಎನ್ನುತ್ತಿದೆ, ನೋಡು ಎಂದು ಕಳಿಸಿದ್ದೆಯಲ್ಲ, ಅದರ ವಿಷಯ. ಇನ್ನೂ ವಾರಂಟಿ ಇತ್ತು. ನಮ್ಮದೇ ಸರ್ವಿಸ್ ಸೆಂಟರ್, ನನ್ನದೇ ಕೌಂಟರ್. ಬದಲಿ ಡ್ರೈವ್ ತರಿಸಿ, ಹಳೆಯದು ಪೂರ್ತಿ ಸಾಯುವ ಮೊದಲೇ ಅದರಲ್ಲಿದ್ದ ಎಲ್ಲವನ್ನೂ ಇದಕ್ಕೆ ಇಳಿಸಿದೆ. ನಿಯಮದಂತೆ ಹಳೆಯದನ್ನು ಕಂಪನಿಗೆ ಕಳಿಸಿಬಿಟ್ಟೆ. ಇನ್ನೊಂದು ಪ್ರತಿ ಮಾಡಿಕೊಳ್ಳಲಿಲ್ಲ. ಹದಿನಾಲ್ಕು ವರ್ಷದಿಂದ ಗಿರಾಕಿಗಳಿಗೆ “ಬದಲಿ ಅಂದ್ರೆ ಹೊಸದೇ ಅಂದ್ಕೊಳ್ಳಿ” ಎಂದು ಹೇಳಿ ಹೇಳಿ, ಕೊನೆಗೆ ನಾನೂ ಅದನ್ನು ನಂಬಿಬಿಟ್ಟಿದ್ದೆ ನೋಡು.

ಐದೇ ವಾರ. ನಿನಗೆ ಕಳಿಸುವ ಮುನ್ನ ಒಮ್ಮೆ ನೋಡೋಣವೆಂದು ಜೋಡಿಸಿದರೆ ಅದೂ ಟಿಕ್ ಟಿಕ್ ಎಂದಿತು. ಆಮೇಲೆ ಸುಮ್ಮನಾಯಿತು.

ಹಿಂದಿನ ಕೋಣೆಯಲ್ಲಿ ಡ್ರೈವ್ ಬಿಚ್ಚುವ ಹಿರಿಯ ಮೆಕ್ಯಾನಿಕ್‌ನನ್ನು ನಾವೆಲ್ಲ ಡಾಕ್ಟರ್ ಎನ್ನುತ್ತೇವೆ. ಅವನು ನಾಲ್ಕು ದಿನ ಒದ್ದಾಡಿದ. ಎಲ್ಲ ಉಳಿದಿರುವ ಒಳಗಿನ ತಟ್ಟೆಯೇ ಗೀರಿಹೋಗಿತ್ತು, ಏನನ್ನೂ ತೆಗೆಯಲಾಗಲಿಲ್ಲ. ಐದನೆಯ ದಿನ ಉಗುರಿನಿಂದ ಲೇಬಲ್ ಕೆರೆದು, “ಇಲ್ಲಿ ನೋಡಪ್ಪಾ” ಅಂದ. ಹೊಸ ಲೇಬಲ್ಲಿನ ಕೆಳಗೆ ಹಳೆಯ ಸ್ಟಿಕರ್. ಅದರ ಮೇಲೆ, ನೀನು ಕಾಗೆ ಕಾಲು ಗುಬ್ಬಿ ಕಾಲು ಎಂದು ಗೇಲಿ ಮಾಡುತ್ತಿದ್ದ ನನ್ನದೇ ಅಕ್ಷರ: ‘ಟಿಕ್ ಟಿಕ್ ಸದ್ದು. ವಾಪಸ್.’

ಯಾರೋ ಗಿರಾಕಿಯಿಂದ ನಾನೇ ತೆಗೆದುಕೊಂಡಿದ್ದ ಕೆಟ್ಟ ಡ್ರೈವ್ ಅದು. ರಿಪೇರಿ ಆಯಿತೆಂದು ಕಂಪನಿಯವರು ಹೊಸ ಲೇಬಲ್ ಅಂಟಿಸಿ ಬದಲಿಯಾಗಿ ಕಳಿಸಿದ್ದರು, ಸುತ್ತಿ ಬಂದು ಮತ್ತೆ ನನ್ನ ಕೈಗೇ ಸೇರಿತ್ತು.

“ಹಳೇದೆಲ್ಲಿ?” ಅಂದ ಡಾಕ್ಟರ್.

“ಕಳಿಸಿಬಿಟ್ಟೆ.”

“ಹೋದ ಕೂಡ್ಲೇ ಅಳಿಸಿಹಾಕ್ತಾರೆ ಅಂತ ನಿಂಗೆ ಗೊತ್ತಿಲ್ವೇನೋ?”

ಗೊತ್ತಿತ್ತು. ಕಂಪನಿಯವರು ಮತ್ತೊಂದು ಬದಲಿ ಕಳಿಸಿದ್ದಾರೆ, ಖಾಲಿಯದು. ಮೇಜಿನ ಮೇಲಿದೆ. ಕಂಡರೆ ಮೈಯೆಲ್ಲ ಉರಿಯುತ್ತದೆ.

ಮದುವೆಯ ಫೋಟೋಗಳೆಲ್ಲ ಹೋದವು ಅಕ್ಕಾ. ಪುಟ್ಟಿಗೆಂದು ಭಾವ ಹಾಸಿಗೆಯಲ್ಲೇ ಓದಿ ರೆಕಾರ್ಡ್ ಮಾಡಿದ ಒಂಬತ್ತು ಕಥೆಗಳು ಅವಳ ಫೋನಿನಲ್ಲಿ ಇವೆಯಲ್ಲ, ಇವತ್ತೇ ಇನ್ನೆರಡು ಕಡೆ ಹಾಕಿಡು. ನನ್ನ ಕೈಗೆ ಮಾತ್ರ ಕೊಡಬೇಡ.

ಪುಟ್ಟಿಗೆ ಮಾವನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ತಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಡ್ರೈವಿನಲ್ಲಿ ಇದ್ದದ್ದು ಒಂಬತ್ತಲ್ಲ, ಹತ್ತು. ಆಸ್ಪತ್ರೆಯಲ್ಲಿ ನೀನು ಔಷಧಿ ತರಲು ಹೋದಾಗ ಭಾವ ನನ್ನ ಕೈ ಹಿಡಿದು ಹೇಳಿದ್ದರು: “ಹತ್ತನೇದು ನಿಮ್ಮಕ್ಕಂಗೆ. ‘ವಾರಂಟಿ’ ಅನ್ನೋ ಫೋಲ್ಡರಲ್ಲಿದೆ, ಅವಳು ಯಾವತ್ತೂ ಅದನ್ನ ತೆಗೆಯಲ್ಲ. ಒಂದು ವರ್ಷ ಆದ್ಮೇಲೆ ಕೊಡು. ನೀನು ಕೇಳ್ಬೇಡ.” ಬರುವ ಗುರುವಾರಕ್ಕೆ ಅವರು ಹೋಗಿ ವರ್ಷ. ಇಪ್ಪತ್ತಾರು ನಿಮಿಷ ಇತ್ತು ಅಕ್ಕಾ, ಅಷ್ಟು ಮಾತ್ರ ನೋಡಿದೆ. ಗಂಡ ಹೆಂಡತಿಯ ಮಾತು ನನಗೇಕೆ ಎಂದು ಮರ್ಯಾದೆಯಿಂದ ಮುಚ್ಚಿಟ್ಟೆ. ಒಮ್ಮೆ ಕದ್ದಾದರೂ ಕೇಳಿದ್ದರೆ, ಅವರು ಏನು ಹೇಳಿದರೆಂದು ಇವತ್ತು ನಿನಗೆ ಬರೆಯುತ್ತಿದ್ದೆ.