ತುಂಬಿ ಬಂದ ಡಬ್ಬಿ

೧೨ ಜನವರಿ ೧೯೭೬. ಇಂಡಿ, ಸಂಜೆ ಐದು

ಶಂಕರೆಪ್ಪ ಸಾವಕಾರರ ಅಂಗಡಿಯ ಕೆಲಸ ಮುಗಿಯಿತು. ಬಸ್ಸಿಗೆ ಇನ್ನೂ ಒಂದು ತಾಸು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನೀಲಿ ನೋಟುಬುಕ್ಕಿನಲ್ಲಿ ಬರೆದುಕೊಂಡದ್ದು: 'ಸಾವಕಾರರಿಗೆ ಎಡ ಮೊಣಕಾಲು ನೋವು. ಸೊಲ್ಲಾಪುರದಿಂದ ಎಣ್ಣೆ ತರಿಸಿದ್ದಾರೆ. ಮುಂದಿನ ಸಲ ಮರೆಯದೆ ಕೇಳಬೇಕು.'

ನೀಲಿ ಬುಕ್ಕು ಚಹಾ ಕಂಪನಿಯ ಕೆಲಸಕ್ಕೆ. ಈ ಡೈರಿ ನನ್ನ ತಲೆಬಿಸಿಗೆ. ಹುಬ್ಬಳ್ಳಿಯ ಮ್ಯಾನೇಜರು ಟ್ರೇನಿಂಗಿನಲ್ಲಿ ಕಲಿಸಿದ್ದು ಒಂದೇ ಪಾಠ: ಮೊದಲು ಮನೆ ವಿಚಾರಿಸು, ಆಮೇಲೆ ಆರ್ಡರು. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ... ಯಾವ ಅಂಗಡಿಯವರ ಮಗ ಮ್ಯಾಟ್ರಿಕ್ ಫೇಲು, ಯಾರ ಎಮ್ಮೆ ಈಯಿತು, ಯಾರ ತಾಯಿಗೆ ಕಣ್ಣಿನ ಆಪರೇಶನ್, ಎಲ್ಲ ಆ ಬುಕ್ಕಿನಲ್ಲಿದೆ. ಮನೆಯಲ್ಲಿ ಹೆಂಡತಿ ಸುಂದರವ್ವ ಕಾಡುತ್ತಾಳೆ: "ನನ್ನ ಸೊಂಟದ ನೋವು ಯಾವ ಪುಟದಾಗ ಐತ್ರಿ?"

ಇವತ್ತು ಸಾವಕಾರರು ತಾವಾಗಿಯೇ ಬಾಯಿ ಬಿಟ್ಟರು. "ನೀವು ನಾಕೂರು ತಿರಗಾವ್ರು ಮಡಿವಾಳಪ್ಪ. ನಮ್ಮ ಹುಡಗಗ ಒಂದು ಕನ್ಯಾ ನೋಡ್ರಿ. ಕೊಡೂದು ತಗೊಳ್ಳೂದು ಏನೂ ಬ್ಯಾಡ. ಗರೀಬರ ಮನೀದಾದ್ರೂ ನಡೀತೈತಿ. ಕೆಲಸಾ ಬೊಗಸಿ ಬಲ್ಲಾಕಿ ಇರಬೇಕು, ಅಷ್ಟ."

ಖುಷಿಯಾಯಿತು. ಇವರೊಬ್ಬರು ಕೈಹಿಡಿದರೆ ಇಂಡಿ ತಾಲೂಕು ಪೂರಾ ನನ್ನದು.

೨೦ ಜನವರಿ. ಗೊಳಸಂಗಿ

ಶ್ರೀಶೈಲಪ್ಪನ ಅಂಗಡಿ. ಅಂಗಡಿ ಅಂದರೆ ಮನೆಯ ಪಡಸಾಲೆ. ತಿಂಗಳಿಗೆ ಹತ್ತು ಪಾಕೀಟು ಚಹಾಪುಡಿ ಖರ್ಚಾದರೆ ಹೆಚ್ಚು. ಮ್ಯಾನೇಜರು ಕೇಳಿದರೆ ಇಲ್ಲಿ ಇಳಿಯುವುದೇ ದಂಡ ಎನ್ನುತ್ತಾರೆ. ಆದರೂ ಇಳಿಯುತ್ತೇನೆ. ಸಿದ್ದವ್ವನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಉಂಡು ಅರ್ಧ ತಾಸು ಅಲ್ಲೇ ಅಡ್ಡಾಗುತ್ತೇನೆ. ಅಣ್ಣಾರ ಅಣ್ಣಾರ ಎಂದು ಆಕೆ ಬಡಿಸುವಾಗ ಸ್ವಂತ ತಂಗಿಯ ಮನೆಗೆ ಬಂದ ಹಾಗೆ.

ಮಗಳು ಚನ್ನವ್ವ, ಹತ್ತೊಂಬತ್ತು. ಇವತ್ತು ನೀಲಿ ಬುಕ್ಕು ಕಸಿದುಕೊಂಡಳು. "ಕಾಕಾರ, ನಮ್ಮಪ್ಪಂದು ಏನೇನ ಬರದೀರಿ ನೋಡ್ತೇನಿ." ಹಾಳೆ ತಿರುವಿದಳು. ಗೊಳಸಂಗಿಯ ಪುಟ ಖಾಲಿ.

"ಏನೂ ಇಲ್ಲಲ್ರಿ!"

"ನಿಮ್ಮ ಮನೀದು ಬರಕೊಳ್ಳೂ ಜರೂರತ್ತ ಇಲ್ಲವ್ವಾ. ನೆನಪ ಇರ್ತೈತಿ."

ಬಾಯಿತುಂಬ ನಕ್ಕಳು. ಸುಳ್ಳು ಹೇಳಿರಲಿಲ್ಲ ನಾನು.

ಊಟವಾದ ಮೇಲೆ ಇಂಡಿಯ ಸಂಬಂಧದ ಮಾತು ತೆಗೆದೆ. ಶ್ರೀಶೈಲಪ್ಪ ಕೇಳಿದ: "ದೊಡ್ಡವರ್ರಿ ಅವ್ರು. ಮನಿ ಹೆಂಗೈತಿ? ಅದೊಂದ ಹೇಳ್ರಿ."

"ಆರು ವರ್ಷದಿಂದ ಬಲ್ಲೆ. ಚೊಲೋ ಮನಿ."

"ನೀವು ಹೇಳಿದ್ರ ಮುಗೀತು. ನಾ ಮತ್ತೊಬ್ಬರನ್ನ ಕೇಳಾಂಗಿಲ್ಲ."

ಬಸ್ಸಿನಲ್ಲಿ ಸ್ವಲ್ಪ ಇರುಸುಮುರುಸು. ನಾನು ಬಲ್ಲದ್ದು ಸಾವಕಾರರ ಅಂಗಡಿ. ಮನೆಯ ಹೊಸ್ತಿಲು ಒಂದು ಸಲವೂ ದಾಟಿಲ್ಲ. ಆದರೆ ಅಷ್ಟು ಚಂದ ಮಾತಾಡುವ ಮನುಷ್ಯ ಮನೆಯೊಳಗೆ ಬೇರೆ ಇರುತ್ತಾನೆಯೇ? ಇರಲಾರ.

೧೧ ಮೇ. ಬಿಜಾಪುರ

ಮದುವೆ ಸಾಂಗವಾಗಿ ಆಯಿತು. ಎರಡೂ ಕಡೆಯವರು ನನಗೆ ಆಯೇರಿ ಮಾಡಿದರು. ಎರಡು ಧೋತರ, ಎರಡು ರುಮಾಲು. ಹೆಣ್ಣು ಕಳಿಸುವಾಗ ಸಿದ್ದವ್ವ ಮಗಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಚನ್ನವ್ವ ಅಳುತ್ತ ತಲೆಯಾಡಿಸಿದಳು. ಟೆಂಪೋ ಹತ್ತುವ ಮುಂಚೆ ನನ್ನ ಕಾಲಿಗೂ ಬಿದ್ದಳು. "ಕಾಕಾರ, ಇಂಡಿಗೆ ಬಂದಾಗ ಬರ್ರಿ ಮತ್ತ."

ಇಂಡಿಯ ಆರ್ಡರು ಈ ತಿಂಗಳು ಮೂರು ಪಟ್ಟು. ಮ್ಯಾನೇಜರು ಕಾರ್ಡು ಬರೆದಿದ್ದಾರೆ: ಶಭಾಷ್.

೨೮ ಜುಲೈ. ಗೊಳಸಂಗಿ

ಮೊದಲ ಪಂಚಮಿ. ಮಗಳನ್ನು ಕರೆಯಲು ಶ್ರೀಶೈಲಪ್ಪ ಇಂಡಿಗೆ ಹೋಗಿದ್ದನಂತೆ. ಸಾವಕಾರರು ಅಂಗಡಿಯಲ್ಲೇ ಚಹಾ ಕುಡಿಸಿ, ಮನೆಯಲ್ಲಿ ಕೆಲಸವಿದೆ, ಈ ಸಲ ಆಗುವುದಿಲ್ಲ ಎಂದು ಕಳಿಸಿದ್ದಾರೆ. ಮಗಳು ಅತ್ತೆಯ ಜೊತೆ ಗುಡಿಗೆ ಹೋಗಿದ್ದಳಂತೆ. ಮುಖ ಕಾಣಲಿಲ್ಲ.

ಸಿದ್ದವ್ವ ಹಿತ್ತಾಳೆಯ ಡಬ್ಬಿ ತಂದಿಟ್ಟಳು. ಒಳಗೆ ಪಂಚಮಿಯ ಉಂಡಿ. ಒಂದೊಂದಕ್ಕೂ ನೆತ್ತಿಯ ಮೇಲೆ ಒಂದು ಲವಂಗ. ಅದು ಆಕೆಯ ಪದ್ಧತಿ. "ಅಣ್ಣಾರ, ಇದು ಅಕಿ ಕೈಯಾಗ ಕೊಡ್ರಿ. ತಿರಗಿ ಡಬ್ಬಿ ತಗೊಂಬರ್ರಿ."

೨೯ ಜುಲೈ. ಇಂಡಿ, ಮಧ್ಯಾಹ್ನ ಮೂರು

ಬೆಳಿಗ್ಗೆ ಡಬ್ಬಿಯನ್ನು ಸಾವಕಾರರ ಗಾದಿಯ ಹತ್ತಿರ ಇಟ್ಟು, ಸೊಸೆಗೆ ಕೊಡಿರಿ ಎಂದೆ. ಆಗಲಿ ಎಂದರು. ಉಳಿದ ಅಂಗಡಿ ಮುಗಿಸಿ ಮಧ್ಯಾಹ್ನ ಆರ್ಡರು ಬರೆದುಕೊಳ್ಳಲು ತಿರುಗಿ ಹೋದೆ. ಚಹಾ ಬಂತು. ಜೊತೆಗೆ ತಾಟಿನಲ್ಲಿ ಉಂಡಿ. ನೆತ್ತಿಯ ಮೇಲೆ ಲವಂಗ.

"ತಗೋರಿ, ಬೀಗರ ಮನೀದು. ಬಾಯಿ ಸಿಹಿ ಮಾಡ್ರಿ" ಎಂದು ನಕ್ಕರು. ತೂಕದವನು ತಿನ್ನುತ್ತಿದ್ದ. ದಲಾಲಿಯವನು ತಿನ್ನುತ್ತಿದ್ದ. ನಾನೂ ತಿಂದೆ. ಲವಂಗ ಉಗುಳಿ ಆರ್ಡರು ಬರೆದೆ. ಖಾಲಿ ಡಬ್ಬಿ ನನ್ನ ಕೈಗೆ ಬಂತು.

ಈಗ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಬಂದ ಡಬ್ಬಿಯನ್ನು ಬರಿದಾಗಿ ಹಿಂದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಹಿಡಿ ಸಕ್ಕರೆಯಾದರೂ ಹಾಕಬೇಕು. ಬರಿ ಡಬ್ಬಿ ನೋಡಿದರೆ ಸಿದ್ದವ್ವನ ಜೀವ ಹಾರುತ್ತದೆ... ಸ್ಟ್ಯಾಂಡಿನ ಎದುರಿನ ಜೈನುದ್ದೀನನ ಅಂಗಡಿಯಲ್ಲಿ ಕಲ್ಲುಸಕ್ಕರೆ ಕಟ್ಟಿಸಿ ಡಬ್ಬಿಗೆ ಸುರಿದೆ. ಚನ್ನವ್ವ ಕೊಟ್ಟಳೆಂದು ಹೇಳಿದರಾಯಿತು. ಯಾರಿಗೇನು ನಷ್ಟ?

೨ ಆಗಸ್ಟ್. ಗೊಳಸಂಗಿ

ಸಿದ್ದವ್ವ ಮೊದಲು ಡಬ್ಬಿಯ ಮುಚ್ಚಳ ತೆಗೆದಳು, ಆಮೇಲೆ ನನಗೆ ನೀರು ಕೊಟ್ಟಳು. ಕಲ್ಲುಸಕ್ಕರೆ ನೋಡಿ ಕಣ್ಣು ಒರೆಸಿಕೊಂಡಳು. ಗಂಡನನ್ನು ಕರೆದು ತೋರಿಸಿದಳು. ಇವತ್ತು ಹೋಳಿಗೆ ಊಟ. ಒಂದು ಹೋಳಿಗೆಗೇ ಕೈ ತೊಳೆದೆ.

೨೬ ಅಕ್ಟೋಬರ್. ಇಂಡಿ

ದೀಪಾವಳಿಯ ಕರ್ಚಿಕಾಯಿ. ಈ ಸಲ ಗಾದಿಯ ಹತ್ತಿರ ಇಡಲಿಲ್ಲ. ಸಾವಕಾರರ ಮನೆಗೆ ನೀರು ತರುವ ರೇವವ್ವನನ್ನು ಹಿತ್ತಲ ಓಣಿಯಲ್ಲಿ ನಿಲ್ಲಿಸಿ, ಇದು ಸಣ್ಣ ಸೊಸೆಯ ಕೈಗೇ ಸೇರಲಿ ಎಂದೆ. ಆಕೆ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಸಂಜೆ ಡಬ್ಬಿ ತಂದಳು. "ಅಕ್ಕಾರು ತಾವ ತೊಳದು, ಒರಸಿ ಕೊಟ್ಟಾರ್ರಿ. ಹಿಂಗ ಒಯ್ದು ಅವ್ವನ ಕೈಯಾಗ ಕೊಡ್ಬೇಕಂತ."

ಖಾಲಿ. ಪಾಪ, ಹಿಡಿ ಸಕ್ಕರೆ ಹಾಕುವಷ್ಟೂ ಸ್ವಾತಂತ್ರ್ಯ ಇಲ್ಲವೇನೋ ಆ ಮನೆಯಲ್ಲಿ.

"ಹೆಂಗದಾಳವ್ವಾ?" ಎಂದೆ.

"ಮೂರ ತಿಂಗಳ ಬಸರಿ ಅದಾರ್ರಿ. ಇಪ್ಪತ್ತು ಮಂದೀದು ರೊಟ್ಟಿ ಒಬ್ಬರ ಬಡೀತಾರ." ಇಷ್ಟು ಹೇಳಿ ಓಣಿಯ ಆಚೆ ಈಚೆ ನೋಡಿ ಹೋದಳು.

ಮತ್ತೆ ಜೈನುದ್ದೀನನ ಅಂಗಡಿ. ಕಲ್ಲುಸಕ್ಕರೆ. ಬಸಿರಿಯ ತಾಯಿಗೆ ಬರಿ ಡಬ್ಬಿ ಹೇಗೆ ಒಯ್ಯಲಿ?

೩೦ ಅಕ್ಟೋಬರ್. ಗೊಳಸಂಗಿ

ಬಸಿರಿನ ಸುದ್ದಿಗೆ ಮನೆಯಲ್ಲಿ ಹಬ್ಬ. ರೊಟ್ಟಿಯ ಮಾತು ಹೇಳಲಿಲ್ಲ.

೧೯ ಜನವರಿ ೧೯೭೭. ಇಂಡಿ

ಸಂಕ್ರಾಂತಿಯ ಶೇಂಗಾ ಹೋಳಿಗೆ ಮುಟ್ಟಿಸಿದೆ. ಡಬ್ಬಿ ಖಾಲಿ. ಫಳಫಳ ತೊಳೆದದ್ದು. ಕಲ್ಲುಸಕ್ಕರೆ. ಈಗ ಜೈನುದ್ದೀನ ನನ್ನನ್ನು ನೋಡಿದರೆ ಕೇಳದೆಯೇ ಕಟ್ಟುತ್ತಾನೆ.

೪ ಮಾರ್ಚ್. ಗೊಳಸಂಗಿ

ಏಳನೆಯ ತಿಂಗಳು. ಕುಬಸ ಮಾಡಿ ಮಗಳನ್ನು ಬಾಣಂತನಕ್ಕೆ ಕರೆತರಬೇಕೆಂದು ಸಿದ್ದವ್ವ ಹಸಿರು ಸೀರೆ ತಂದಿಟ್ಟಿದ್ದಾಳೆ. ಇಂಡಿಯಿಂದ ಕಾಗದ: ಕುಬಸ ಇಲ್ಲೇ ಮಾಡುತ್ತೇವೆ, ಬಾಣಂತನವೂ ಇಲ್ಲೇ.

ಶ್ರೀಶೈಲಪ್ಪ ಹೆಂಡತಿಯನ್ನು ಸಮಾಧಾನ ಮಾಡುತ್ತಿದ್ದ. "ಡಬ್ಬಿ ತುಂಬಿ ಬರಾಕತ್ತೈತಿ. ಚೊಲೋ ಅದಾಳ ಅಂತ ನೀನ ಹೇಳ್ತಿ. ಮ್ಯಾಲಿಂದ ಮ್ಯಾಲೆ ಹೋಗಿ ಬಾಗಲಕ ನಿಂತ್ರ ಬೀಗರ ಕಣ್ಣಾಗ ಹಗರ ಆಗ್ತೇವಿ." ಆಮೇಲೆ ನನಗೆ: "ನೀವ ಒಂದ ಮಾತ ಹೇಳ್ರಲಾ. ನಿಮ್ಮ ಮಾತು ಅವ್ರು ತಗದ ಹಾಕಾಂಗಿಲ್ಲ."

ಹೇಳುತ್ತೇನೆಂದೆ.

೯ ಮಾರ್ಚ್. ಇಂಡಿ

ಹೇಳಿದೆ. ಹೇಗೆ ಹೇಳಿದೆ ಅಂದರೆ, ನಗುತ್ತ, ಮೊಣಕಾಲು ನೋವು ವಿಚಾರಿಸಿದ ಮೇಲೆ, ಚಹಾದ ಜೊತೆ. ಸಾವಕಾರರೂ ನಕ್ಕರು. "ಮಡಿವಾಳಪ್ಪ, ನೀವು ಚಹಾಪುಡಿ ಮಾತಾಡ್ರಿ. ಮನೀದು ನಮಗ ಬಿಡ್ರಿ." ಮುಂದಿನ ತಿಂಗಳಿಂದ ಹೋರ್ತಿಯ ಅಂಗಡಿಗಳಿಗೂ ತಾವೇ ಮಾಲು ಹೊರಡಿಸುತ್ತಾರಂತೆ. ಆರ್ಡರು ಬರೆದುಕೊಂಡೆ. ಕೈಗೆ ನಾಚಿಕೆಯೇ ಆಗಲಿಲ್ಲ.

ಹೊರಗೆ ರೇವವ್ವ ಕಾಯುತ್ತಿದ್ದಳು. "ಅಕ್ಕಾರಿಗೆ ಹದಿನೈದು ದಿನಾತ್ರಿ ಜ್ವರ. ದವಾಖಾನಿಗೆ ಯಾರೂ ಒಯ್ದಿಲ್ಲ. ಕೈಕಾಲು ಬಾತಾವ. ಅವ್ವ ಇನ್ನ ಯಾಕ ಅಪ್ಪನ್ನ ಕಳಸವಲ್ಲಳು ಅಂತ ನನಗ ಕೇಳ್ತಾರ."

ನಾಳೆಯೇ ಗೊಳಸಂಗಿಗೆ ಹೋಗಿ ಎಲ್ಲ ಹೇಳಬೇಕು. ಉಂಡಿಯ ಮಾತೂ. ಡಬ್ಬಿಯ ಮಾತೂ.

೧೦ ಮಾರ್ಚ್. ಬಿಜಾಪುರ, ಬೆಳಿಗ್ಗೆ

ತಾರು ಬಂದಿದೆ. ಹುಬ್ಬಳ್ಳಿಯಲ್ಲಿ ಸೇಲ್ಸ್ ಮೀಟಿಂಗು, ಜಿಲ್ಲೆಗೆ ಮೊದಲ ನಂಬರು ನನ್ನದು, ಕೂಡಲೇ ಹೊರಡಬೇಕು. ಬರುವಾಗ ಗೊಳಸಂಗಿಯಲ್ಲಿ ಇಳಿಯುತ್ತೇನೆ. ನಾಲ್ಕು ದಿನದ ಮಾತು.

೧೪ ಮಾರ್ಚ್. ಬಿಜಾಪುರ

ಗೋಡೆ ಗಡಿಯಾರ ಕೊಟ್ಟರು. ಶಾಲು ಹೊದಿಸಿದರು. ಗಿರಾಕಿಗಳ ಮನ ಗೆಲ್ಲುವುದು ಹೇಗೆ ಎಂದು ನನ್ನಿಂದಲೇ ಭಾಷಣ ಮಾಡಿಸಿದರು. ನೀಲಿ ಬುಕ್ಕು ಎತ್ತಿ ತೋರಿಸಿದೆ. ಚಪ್ಪಾಳೆ.

ಬರುವಾಗ ಬಸ್ಸು ಗೊಳಸಂಗಿಯಲ್ಲಿ ನಿಂತಿತು. ಕಿಟಕಿಯಿಂದ ಶ್ರೀಶೈಲಪ್ಪನ ಅಂಗಡಿಯ ದಾರಿ ಕಾಣಿಸಿತು. ತೊಡೆಯ ಮೇಲೆ ಗಡಿಯಾರ. ಅದನ್ನು ಹಿಡಿದು ಆ ಮನೆಗೆ ಹೇಗೆ ಹೋಗಲಿ ಅನ್ನಿಸಿತು. ರವಿವಾರ ಹೋದರಾಯಿತು ಎಂದುಕೊಂಡೆ. ಬಸ್ಸು ಹೊರಟಿತು.

೧೮ ಮಾರ್ಚ್

ಚನ್ನವ್ವ ಹೋದಳು. ನಿನ್ನೆ. ಕೂಸೂ ಉಳಿಯಲಿಲ್ಲ.

೨ ಮೇ. ಬಿಜಾಪುರ, ಸಂಜೆ

ಇವತ್ತು ಗೊಳಸಂಗಿಗೆ ಹೋಗಿದ್ದೆ. ಮಣ್ಣಿಗೆ ಹೋಗುವ ಧೈರ್ಯ ಆಗಿರಲಿಲ್ಲ. ಒಂದೂವರೆ ತಿಂಗಳು ಆ ಊರನ್ನೇ ಬಿಟ್ಟು ಮುದ್ದೇಬಿಹಾಳದ ಕಡೆ ತಿರುಗಿದೆ. ಇವತ್ತು ಮಾತಾಡಿಸಲು ಹೋದೆ. ಸ್ಯಾಂಪಲ್ಲಿನ ಚೀಲ ಸ್ಟ್ಯಾಂಡಿನ ಹೋಟೆಲಿನಲ್ಲೇ ಇಟ್ಟೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಬದುಕುತ್ತಿದ್ದೆ. ಶ್ರೀಶೈಲಪ್ಪ ಎದ್ದು ಬಂದು ಕೈ ಹಿಡಿದು ಕೂರಿಸಿದ. "ನಿಮ್ಮದೇನ ತಪ್ಪರಿ? ನಿಮಗೂ ಮಗಳಾಗಿದ್ಲು" ಎಂದ.

ಸಿದ್ದವ್ವ ಒಳಗಿನಿಂದ ಬಂದಳು. ಗುರುತು ಸಿಗದಷ್ಟು ಇಳಿದಿದ್ದಾಳೆ. ಕೈಯಲ್ಲಿ ಹಿತ್ತಾಳೆಯ ಡಬ್ಬಿ.

"ಅಣ್ಣಾರ, ಒಂದ ಮಾತ ಯಾರಿಗೂ ಹೇಳಿದ್ದಿಲ್ಲ. ಮದಿವಿ ದಿನಾ ಅಕಿ ಕಿವ್ಯಾಗ ಹೇಳಿದ್ದೆ. ನಿನಗೇನರ ತ್ರಾಸ ಆತಂದ್ರ ಬಾಯಿಲೆ ಹೇಳಬ್ಯಾಡ, ಕಾಗದಾ ಬರೀಬ್ಯಾಡ. ನಾ ಕಳಿಸಿದ ಡಬ್ಬಿ ತೊಳದು ಖಾಲಿ ಕಳಸು. ಮರದಿನಾನ ನಿಮ್ಮಪ್ಪನ ಕಳಸ್ತೇನಿ, ಬೀಗಸ್ತನ ಹೋದ್ರ ಹೋಗ್ಲಿ ಅಂದಿದ್ದೆ. ಒಂದ ಸಲಾನೂ ಖಾಲಿ ಬರಲಿಲ್ಲ ನೋಡ್ರಿ. ಮೂರೂ ಸಲ ತುಂಬೇ ಬಂತು. ಸುಖದಾಗ ಇದ್ಲು ನನ್ನ ಮಗಳು. ದೇವರು ಕರಕೊಂಡ, ಅದಕ ಯಾರ ಏನ ಮಾಡೂದು? ಅಷ್ಟ ಸಮಾಧಾನ ಐತಿ ನನಗ."

ಮುಚ್ಚಳ ತೆಗೆದಳು. ತಳದಲ್ಲಿ ನಾಲ್ಕೈದು ಹರಳು ಕಲ್ಲುಸಕ್ಕರೆ.

"ದಿನಾ ಪೂಜಿ ಆದ ಮ್ಯಾಲೆ ಒಂದ ಚೂರು ಬಾಯಾಗ ಇಟ್ಕೋತೇನ್ರಿ. ಅಕಿ ಕೈಲೆ ಹಾಕಿದ್ದಲಾ. ಮುಗದ್ರ ಏನ ಮಾಡ್ಲಿ ಅಂತ ಚಿಂತಿ ಆಗೇತಿ." ಒಂದು ಹರಳು ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. "ನೀವೂ ತಿನ್ರಿ. ನೀವ ತಂದು ಮುಟ್ಟಿಸಿದ್ದು."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡೆ. ಕರಗಲು ಎಷ್ಟು ಹೊತ್ತು ಬೇಕಾಯಿತು...

೩ ಮೇ. ಬೆಳಿಗ್ಗೆ ಆರು

ಸುಂದರವ್ವನಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಗೋಡೆಯ ಗಡಿಯಾರ ಇಳಿಸಿ, ಬಟ್ಟೆ ಸುತ್ತಿ, ಅಟ್ಟಕ್ಕೆ ಹಾಕಿದಳು.

ಗೊಳಸಂಗಿಗೆ ಹೋಗಲು ಬಾಗೇವಾಡಿಯ ಮೊದಲ ಬಸ್ಸು ಏಳಕ್ಕೆ. ಹೋಗಿ ಹೇಳಿದರೆ ಸಿದ್ದವ್ವನಿಗೆ ಉಳಿದ ಆ ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಪಡಸಾಲೆ, ಅದೇ ರೊಟ್ಟಿ, ಅಣ್ಣಾರ ಎಂಬ ಕರೆ. ತೊಳೆದು ಒರೆಸಿ ಎರಡು ಸಲ ಕರೆದಳು ಹುಡುಗಿ. ಎರಡು ಸಲವೂ ನಾನು ಅವಳ ಬಾಯಿಗೆ ಸಕ್ಕರೆ ತುಂಬಿದೆ.

ನೀಲಿ ಬುಕ್ಕು ತೆಗೆದೆ. ಗೊಳಸಂಗಿಯ ಪುಟ ಇನ್ನೂ ಖಾಲಿ. ಮೊದಲು ಅಲ್ಲಿ ಬರೆದು, ಬುಕ್ಕನ್ನೇ ಒಯ್ದು ಶ್ರೀಶೈಲಪ್ಪನ ಕೈಗೆ ಕೊಡಬೇಕು. ಬಾಯಲ್ಲಿ ಹೇಳಲು ನನ್ನಿಂದ ಆಗದು. ಬರೆದಿದ್ದೇನೆ: 'ಚನ್ನವ್ವ ಡಬ್ಬಿ ಖಾಲಿ ಕಳಿಸಿದ್ದಳು. ಅದರಲ್ಲಿ ಕಲ್ಲುಸಕ್ಕರೆ ತುಂಬಿದವನು...' ಇನ್ನು ನನ್ನ ಹೆಸರೊಂದು ಬರೆಯುವುದು ಉಳಿದಿದೆ.