ಮೇನ್ ಸ್ವಿಚ್ಚಿನ ಮೇಲಿದ್ದ ಊಟದ ಚೀಲ

ವಿದ್ಯುತ್ ಸುರಕ್ಷತೆಯ ಮುಖ್ಯ ಪರಿವೀಕ್ಷಕರಿಗೆ,

ಮಾನ್ಯರೇ,

ನನ್ನ ತಮ್ಮನ ಬಲಗೈ ಸುಟ್ಟ ಪ್ರಕರಣದಲ್ಲಿ ನಿಮ್ಮ ಕಚೇರಿ ಕೊನೆಗೂ ತಪ್ಪಿತಸ್ಥನನ್ನು ಪತ್ತೆ ಹಚ್ಚಿದೆ: ಅವನ ಊಟದ ಚೀಲ. ಇನ್ನು ಮುಂದೆ ವಿದ್ಯುತ್ ಉಪಕರಣಗಳಿಗೆ ಯಾರೂ ಊಟದ ಚೀಲ ನೇತುಹಾಕತಕ್ಕದ್ದಲ್ಲ ಎಂದು ಆದೇಶವಾಗಿದೆ. ಇಷ್ಟು ಕಟ್ಟುನಿಟ್ಟಿನ ಕ್ರಮಕ್ಕೆ ನಮ್ಮ ಮನೆಮಂದಿಯೆಲ್ಲ ಚಿರಋಣಿಗಳು. ಆದರೆ ಬರುವ ಸೋಮವಾರ ಅವನು ಅದೇ ಕಾರ್ಖಾನೆಗೆ, ಅರ್ಧಕ್ಕೆ ನಿಂತ ಅದೇ ಕೆಲಸಕ್ಕೆ ಹೋಗಬೇಕಾಗಿದೆ. ಅದನ್ನು ನೆನೆದರೇ ನನಗೆ ಹೆದರಿಕೆಯಾಗುತ್ತದೆ, ಆದ್ದರಿಂದ ಈ ಪತ್ರ.

ನಡೆದದ್ದು ಇಷ್ಟು. ನನ್ನ ತಮ್ಮ ಒಬ್ಬ ವೈರಿಂಗ್ ಗುತ್ತಿಗೆದಾರರ ಬಳಿ ಎಲೆಕ್ಟ್ರಿಷಿಯನ್. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಅಂಟು ಹಚ್ಚುವ ಯಂತ್ರದ ಹಳೆಯ ವೈರು ಬದಲಿಸುವ ಕೆಲಸ ಬಂದಿತ್ತು. ಇವರಲ್ಲೊಂದು ರೂಢಿ: ಮೇನ್ ಸ್ವಿಚ್ ಆಫ್ ಮಾಡಿದವನು ತನ್ನ ಊಟದ ಚೀಲವನ್ನು ಅದರ ಹಿಡಿಗೆ ಸಿಕ್ಕಿಸಿ ಹೋಗಬೇಕು. ಒಳಗೆ ಮನುಷ್ಯನಿದ್ದಾನೆ, ಮುಟ್ಟಬೇಡ ಎಂದು ಅದರ ಅರ್ಥ. ಹಸಿದವನು ಚೀಲಕ್ಕಾಗಿ ಬಂದೇ ಬರುತ್ತಾನೆ, ಅಲ್ಲಿಯವರೆಗೆ ಸ್ವಿಚ್ಚಿನ ತಂಟೆಗೆ ಯಾರೂ ಹೋಗುವಂತಿಲ್ಲ. ಗುತ್ತಿಗೆದಾರರ ಕಡೆಯವರಿಗೆಲ್ಲ ಇದು ಗೊತ್ತು. ಕಾರ್ಖಾನೆಯವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಯಾರೆಂಬುದೂ ಯಾರಿಗೂ ಗೊತ್ತಿರಲಿಲ್ಲ.

ಕಾರ್ಖಾನೆಯ ಸೂಪರ್‌ವೈಸರ್ ಮೆತ್ತಗಿನ ಮನುಷ್ಯ. ಪಾಪ, ಯಾರೋ ಊಟ ಮರೆತು ಹೋಗಿದ್ದಾರೆ, ಇರುವೆ ಮುತ್ತೀತು ಎಂದು ಚೀಲ ತೆಗೆದು ಊಟದ ಕೋಣೆಯ ಕಪಾಟಿನಲ್ಲಿ ಜೋಪಾನವಾಗಿಟ್ಟ. ವಾಪಸು ಬಂದಾಗ ಸ್ವಿಚ್ ಆಫ್ ಆಗಿರುವುದು ಕಣ್ಣಿಗೆ ಬಿತ್ತು. ಅದನ್ನೂ ಸರಿಮಾಡಿದ. ಗೋಡೆಯ ಆಚೆ ನನ್ನ ತಮ್ಮ ಯಂತ್ರದ ಪ್ಯಾನೆಲ್ಲಿನೊಳಗೆ ಕೈ ಹಾಕಿದ್ದ. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ನಾನು ಸೂಪರ್‌ವೈಸರನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ತಮ್ಮನೇ ತಡೆದ. "ಬಿಡಕ್ಕಾ, ಅವನು ಒಳ್ಳೇದು ಅಂತಾನೇ ಮಾಡಿದ್ದು. ಊಟ ಮಾತ್ರ ಹಾಳಾಗ್ಲಿಲ್ಲ ನೋಡು," ಎಂದ. ನನಗೆ ನಗುವೂ ಬಂತು, ಅಳುವೂ ಬಂತು.

ನಿಮ್ಮವರು ವಿಚಾರಣೆಗೆ ಬಂದರು. ಕಟ್ಟಡ ನನ್ನದು, ಕೆಲಸ ಗುತ್ತಿಗೆದಾರರದು ಎಂದರು ಮಾಲೀಕರು. ಕೆಲಸ ನನ್ನದು, ಸ್ವಿಚ್ಚು ಮಾಲೀಕರದು ಎಂದರು ಗುತ್ತಿಗೆದಾರರು. ಇಬ್ಬರೂ ಹೇಳಿದ್ದು ನಿಜವೇ, ತೊಂದರೆ ಇರುವುದೂ ಅಲ್ಲೇ. ನೀವು ಇಬ್ಬರ ಮನಸ್ಸನ್ನೂ ನೋಯಿಸದೆ, 'ಸುರಕ್ಷತೆಯು ಉಭಯ ಪಕ್ಷಗಳ ಜಂಟಿ ಹೊಣೆ' ಎಂದು ಬರೆದು ಕೈತೊಳೆದುಕೊಂಡಿರಿ. ಜಂಟಿ ಹೊಣೆಯ ಅನುಭವ ನನಗೂ ಉಂಟು, ಮಾನ್ಯರೇ. ಅವಳು ಒಲೆ ಆರಿಸಿರುತ್ತಾಳೆಂದು ನಮ್ಮ ಯಜಮಾನರೂ, ಅವರು ಆರಿಸಿರುತ್ತಾರೆಂದು ನಾನೂ ಬಾಗಿಲು ಎಳೆದುಕೊಂಡು ಹೋದ ದಿನ ಪಾತ್ರೆಯ ತಳವೇ ಹೋಯಿತು. ಪಾತ್ರೆ ಇನ್ನೊಂದು ಕೊಂಡೆವು. ಕೈ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಚೀಲ ಬೀಗವಲ್ಲ, ಒಪ್ಪಿದೆ. ಆದರೆ ಇದ್ದದ್ದು ಅದೊಂದೇ. ಅದನ್ನು ತೆಗೆಸಿದಿರಿ, ಅದರ ಜಾಗಕ್ಕೆ ಏನು ಬರಬೇಕೆಂದು ಹೇಳಲು ಮರೆತಿರಿ. ಗುತ್ತಿಗೆದಾರರನ್ನು ಕೇಳಿದೆ. "ಅವರ ಸ್ವಿಚ್ಚಿಗೆ ನಾನು ಬೀಗ ಹಾಕೋಕಾಗುತ್ತಾ ಅಮ್ಮಾ?" ಎಂದರು. ಹೊರಗಿನವರ ಕೈಗೆ ಬೀಗದ ಕೈ ಕೊಟ್ಟು ಕಾರ್ಖಾನೆ ನಡೆಸುವುದುಂಟೇ ಎಂದು ಮಾಲೀಕರು ನಕ್ಕರು. ಇಬ್ಬರೂ ಕೂತು ಮಾತಾಡಿಕೊಳ್ಳಲಿ ಎಂದಿತು ನಿಮ್ಮ ಕಚೇರಿ. ಮಾತಾಡಿಕೊಂಡಿದ್ದಾರೆ: ಸೋಮವಾರ ಬೆಳಿಗ್ಗೆಯೇ ಕೆಲಸ ಶುರುವಂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದೊಳಗೆ ಒಂದು ಆದೇಶ ಹೊರಡಿಸಿ. ಮೇನ್ ಸ್ವಿಚ್ಚಿಗೆ ಬೀಗವನ್ನು ಮಾಲೀಕರು ಒದಗಿಸಲಿ, ಒಳಗೆ ಕೆಲಸ ನಡೆದಿದೆಯೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಅವರೇ ತಿಳಿಸಲಿ. ಬೀಗ ಬಿದ್ದಿದೆಯೇ, ಕರೆಂಟು ನಿಜವಾಗಿ ಹೋಗಿದೆಯೇ ಎಂದು ನೋಡದೆ ಗುತ್ತಿಗೆದಾರರು ಯಾರಿಂದಲೂ ಕೆಲಸ ಮಾಡಿಸಕೂಡದು. ಬೀಗದ ಕೈ ಒಂದೇ ಇರಲಿ, ಅದು ಕೆಲಸ ಮಾಡುವವನ ಜೇಬಿನಲ್ಲಿರಲಿ. ಯಾವುದು ತಪ್ಪಿದರೆ ಯಾರನ್ನು ಹಿಡಿಯುತ್ತೀರೆಂದು ಬಿಡಿಸಿ ಬರೆಯಿರಿ. ನನ್ನ ತಮ್ಮ ಈಗ ಎಡಗೈಯಲ್ಲಿ ಸ್ಕ್ರೂಡ್ರೈವರ್ ತಿರುಗಿಸುವುದನ್ನು ಕಲಿತಿದ್ದಾನೆ. ಸೋಮವಾರ ಪ್ಯಾನೆಲ್ಲಿನೊಳಗೆ ಹೋಗುವುದು ಆ ಕೈ. ಅದು ಯಾರ ಹೊಣೆ ಎಂದು ಈ ಸಲ ಮೊದಲೇ ಹೇಳಿಬಿಡಿ.

ಇಂತಿ,
ಉಭಯ ಪಕ್ಷಗಳಲ್ಲಿ ಯಾವುದಕ್ಕೂ ಸೇರದ
ಒಬ್ಬ ಎಲೆಕ್ಟ್ರಿಷಿಯನ್ನನ ಅಕ್ಕ