ನೀನು ನೋಡದೆ ಉಳಿಸಿದ ಏಳನೆಯ ಕುಸ್ತಿ

ಮಗಳೇ ಮೇದಿನಿ,

ಮಕ್ಕಳಿಗೆ ಬರೆಯುವ ಪತ್ರದ ತಲೆಯಲ್ಲಿ ‘ಚಿರಂಜೀವಿ’ ಎಂದು ಬರೆಯುವುದು ನಮ್ಮ ಮನೆತನದ ರೂಢಿ. ನನ್ನ ತಂದೆ ನನಗೆ ಹಾಗೆಯೇ ಬರೆದರು. ನೀನು ಕೆಲಸಕ್ಕೆಂದು ಆಕ್ಲೆಂಡಿನ ನಮ್ಮ ಮನೆ ಬಿಟ್ಟು ದೂರದ ಅಪ್ಪರ್ ಹಟ್‌ಗೆ ಹೋದ ಮೊದಲ ತಿಂಗಳು ನಾನೂ ಹಾಗೆಯೇ ಬರೆದೆ, ನೀನು ಫೋನ್ ಮಾಡಿ, “ಅಪ್ಪಾ, ಹೂ ಈವನ್ ರೈಟ್ಸ್ ಲೆಟರ್ಸ್?” ಎಂದು ನಕ್ಕೆ. ಇಂದು ಆ ಪದವನ್ನು ಬಿಟ್ಟಿದ್ದೇನೆ. ಸುಳ್ಳೆಂದು ತಿಳಿದ ಮೇಲೂ ಒಂದು ಪದವನ್ನು ಬಳಸುವುದು ನನಗೆ ಎಂದೂ ಒಗ್ಗಿದ್ದಲ್ಲ.

ಈ ಪತ್ರದ ಉದ್ದೇಶ ಒಂದೇ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನು ನಿನ್ನಿಂದ ಒಂದನ್ನು ಕಸಿದುಕೊಂಡೆ. ನೀನು ತಿಂಗಳುಗಟ್ಟಲೆ ಕಾದಿಟ್ಟುಕೊಂಡಿದ್ದ ಕುಸ್ತಿಯೊಂದರ ಫಲಿತಾಂಶವನ್ನು, ನೀನು ಕೇಳದಿದ್ದರೂ, ಹೇಳಿಬಿಟ್ಟೆ. ಆ ಬಗ್ಗೆ ನಿನಗೆ ತಿಳಿಯದ ಸಂಗತಿಯೊಂದಿದೆ. ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿಯೇ ಅಲ್ಲವೇ ನಾನು ಕೆಟ್ಟದ್ದು?

ನೀನು ಹದಿನೈದರವಳಿದ್ದಾಗಿನ ಒಂದು ಊಟ ನೆನಪಾಗುತ್ತದೆ. ತಟ್ಟೆಯ ಪಕ್ಕದಲ್ಲಿ ಫೋನು, ಫೋನಿನಲ್ಲಿ ಜಪಾನಿನ ಇಬ್ಬರು ದಢೂತಿ ಕುಸ್ತಿಪಟುಗಳು ಒಬ್ಬರ ಎದೆಗೆ ಒಬ್ಬರು ಅಂಗೈಯಿಂದ ಬಾರಿಸುತ್ತಿದ್ದರು. ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವ, ಆದರೆ ಏಟು ಮಾತ್ರ ನಿಜವಾಗಿಯೇ ಬೀಳುವ ವೃತ್ತಿ ಕುಸ್ತಿ ಅದೆಂದು ನೀನೇ ವಿವರಿಸಿದೆ. ನನಗೆ ರೇಗಿತು.

“ಯಾರು ಗೆಲ್ಲಬೇಕಂತ ಮೊದಲ ಬರದಿಟ್ಟ ಆಟಾನ ಏನಂತ ನೋಡ್ತೀ? ನಿನಗ ಬುದ್ಧಿ ಅದನೋ ಇಲ್ಲೋ?”

“ಅಪ್ಪಾ, ಯುವರ್ ಕಾಲೇಜ್ ಡಿಬೇಟ್ಸ್. ಚೀಟಿ ಎತ್ತಿ ಸೈಡ್ ಕೊಡ್ತಿದ್ರು ಅಂದ್ರಲ್ಲ. ಡಿಡ್ ಯು ಬಿಲೀವ್ ಯುವರ್ ಸೈಡ್?”

“ಅದು ಬ್ಯಾರೆ.”

“ಹೌ ಈಸ್ ಇಟ್ ಬ್ಯಾರೆ?”

“ಊಟಕ್ಕ ಕೂತಾಗರೆ ಸುಮ್ಮನಿರ್ರಿ ಇಬ್ಬರೂ,” ಎಂದಳು ನಿನ್ನ ಅಮ್ಮ. “ನಿಮ್ಮ ವಾದ ಮುಗಿಯೂತನಾ ಸಾರು ಆರಿ ನೀರಾಗ್ತದ.”

ನಾನು ಏನು ಮಾಡಿದೆ? ಧಾರವಾಡದಲ್ಲಿ ಮೂರು ವರ್ಷ ಸತತ ಚರ್ಚಾಸ್ಪರ್ಧೆಯ ಢಾಲು ತಂದವನು, ಎದುರಾಳಿಯ ಯಾವ ಪ್ರಶ್ನೆಗೂ ತಡವರಿಸದವನು, “ಎದ್ದು ಹೋಗಿ ಗಣಿತಾ ಮಾಡು” ಎಂದೆ. ಉತ್ತರವಿಲ್ಲದ ತಂದೆ ಬಳಸುವ ಉತ್ತರ ಅದು. ನೀನು ಎದ್ದು ಹೋದೆ. ಆ ಮೇಲೆ ನನ್ನೆದುರು ಕುಸ್ತಿಯ ಮಾತೆತ್ತಲಿಲ್ಲ.

ಅಪ್ಪರ್ ಹಟ್‌ನ ಮನೆಗೆ ನಾನು ಬಂದದ್ದು ಒಂದೇ ಸಲ. ನಿನ್ನ ಫ್ಲಾಟ್‌ಮೇಟ್ ಮೆರೆ ಬಾಗಿಲು ತೆರೆದು, “ಕಮ್ ಇನ್, ಅಂಕಲ್, ಶೂ ಬಿಚ್ಚೋದು ನಂಗೂ ಗೊತ್ತು, ನಮ್ಮ ಮರಾಯೆಯಲ್ಲೂ ಹಾಗೇ” ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿ, ನನ್ನ ಶೂಗಳನ್ನು ತಾನೇ ಜೋಡಿಸಿಟ್ಟಳು. ಮರಾಯೆ ಎಂದರೆ ಅವರ ಮಾವೊರಿ ಕುಲದ ಸಭಾಮನೆಯೆಂದು ನೀನು ತಿಳಿಸಿಕೊಟ್ಟೆ. ನೀನು ಕುಸ್ತಿಯ ವಿಮರ್ಶೆ ಬರೆಯುತ್ತೀಯೆಂದು, ಅದಕ್ಕೊಂದು ಜಾಲತಾಣವಿದೆಯೆಂದು ಅಂದು ಅವಳ ಬಾಯಿಂದಲೇ ತಿಳಿಯಿತು. ನಿನ್ನ ನಿಯಮವನ್ನೂ ಅವಳೇ ಹೇಳಿದಳು: ಹಳೆಯ ಪ್ರದರ್ಶನವೊಂದನ್ನು ಎತ್ತಿಕೊಂಡರೆ, ಒಂದು ಕುಸ್ತಿಯ ವಿಮರ್ಶೆ ಬರೆದು ಪ್ರಕಟಿಸುವವರೆಗೆ ಮುಂದಿನದನ್ನು ನೋಡಕೂಡದು, ಫಲಿತಾಂಶವನ್ನು ಎಲ್ಲಿಯೂ ಹುಡುಕಕೂಡದು, ಇಬ್ಬರೂ ಜೊತೆಯಾಗಿಯೇ ನೋಡಬೇಕು. “ಶಿ ಈಸ್ ವೆರಿ ಸ್ಟ್ರಿಕ್ಟ್, ಅಂಕಲ್,” ಎಂದಳು ಮೆರೆ. “ವೇರ್ ಡಸ್ ಶಿ ಗೆಟ್ ಇಟ್ ಫ್ರಮ್, ಏ?” ನೀನು ಚಹದ ಲೋಟದೊಳಕ್ಕೆ ನಕ್ಕೆ. ನಾನು ನಗಲಿಲ್ಲ.

ನಿನ್ನ ಕೈ ಕೀಲಿಮಣೆಯ ಮೇಲೆ ನಿಲ್ಲದಂತಾದ ದಿನ ನೆನಪಿದೆ. ರಕ್ತದ ಕಾಯಿಲೆಯೆಂದು ಆಕ್ಲೆಂಡಿಗೆ ಕರೆತಂದು ಆಗ ಏಳು ವಾರ. ತೊಂಬತ್ತರ ದಶಕದ ಟೋಕಿಯೊ ಪ್ರದರ್ಶನವೊಂದರ ಏಳು ಕುಸ್ತಿಗಳಲ್ಲಿ ಆರನ್ನು ನೀನು ನೋಡಿದ್ದೆ, ಐದರ ವಿಮರ್ಶೆ ಮುಗಿದಿತ್ತು. ಆರನೆಯದನ್ನು ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. ನೀನು ಹೇಳಿದೆ, ನಾನು ಮಧ್ಯೆ ಮಧ್ಯೆ ತಿದ್ದಿದೆ. “ಅಪ್ಪಾ, ಡೋಂಟ್ ಎಡಿಟ್. ಜಸ್ಟ್ ಟೈಪ್.” ಎರಡು ಪ್ಯಾರಾ ಆಗುವಷ್ಟರಲ್ಲಿ ನೀನು ನಿದ್ದೆ ಹೋದೆ. ಉಳಿದಿದ್ದ ಏಳನೆಯದು ಪ್ರಶಸ್ತಿಯ ಕುಸ್ತಿ. ಮೊಣಕಾಲಿಗೆ ಪಟ್ಟಿ ಸುತ್ತಿದ, ನಲವತ್ತು ದಾಟಿದ ಹಳೆಯ ಮಲ್ಲನೊಬ್ಬ. ಅವನೆದುರು ಅವನದೇ ಶಿಷ್ಯ. ಆ ಹಳಬನನ್ನು ನೀನು ವಿಮರ್ಶೆಗಳಲ್ಲಿ ‘ಅಜ್ಜ’ ಎಂದು ಕರೆಯುತ್ತಿದ್ದೆ. ನಿನ್ನ ಇಡೀ ತಾಣದಲ್ಲಿ ಇದ್ದ ಏಕೈಕ ಕನ್ನಡ ಪದ ಅದು. ಗೊತ್ತಿತ್ತೇ ನಿನಗೆ?

ಮರುದಿನ ಬೆಳಿಗ್ಗೆ ವೈದ್ಯೆ ನನ್ನನ್ನು ಹೊರಗೆ ಕರೆದು, ವಾರಗಳ ಲೆಕ್ಕ ಬಿಟ್ಟು ದಿನಗಳ ಲೆಕ್ಕದಲ್ಲಿ ಮಾತಾಡಿದರು. ಚರ್ಚಾಸ್ಪರ್ಧೆಯಲ್ಲಿ ಒಂದು ಪದ್ಧತಿಯುಂಟು, ಮೇದಿನಿ. ಎಚ್ಚರಿಕೆಯ ಗಂಟೆ ಬಾರಿಸಿದರೆ, ಉಳಿದ ಅಂಶಗಳು ಎಷ್ಟೇ ಇರಲಿ, ಎಲ್ಲವನ್ನೂ ಕೈಬಿಟ್ಟು ನೇರವಾಗಿ ಸಮಾರೋಪಕ್ಕೆ ಹೋಗಬೇಕು. ಮುಕ್ತಾಯವಿಲ್ಲದ ಭಾಷಣ ಸೋತ ಭಾಷಣ. ನನ್ನ ಗುರುಗಳು ಇದನ್ನು ಎಷ್ಟು ಸಲ ಹೇಳಿಸಿ ಕಲಿಸಿದ್ದರೆಂದರೆ, ಆ ಓಣಿಯಲ್ಲಿ ನಿಂತಾಗ ನನಗೆ ಬೇರೇನೂ ಹೊಳೆಯಲಿಲ್ಲ. ಫೋನಿನಲ್ಲಿ ಆ ಇಬ್ಬರ ಹೆಸರು ಹಾಕಿ ಹುಡುಕಿದೆ. ಸಿಕ್ಕ ಮೊದಲ ಸಾಲನ್ನು ಓದಿದೆ. ಒಳಗೆ ಬಂದು ನಿನ್ನ ಹಾಸಿಗೆಯ ಪಕ್ಕ ಕುಳಿತು, ಉಪಕಾರ ಮಾಡುವವನ ಗತ್ತಿನಲ್ಲಿ, “ನಿಮ್ಮ ಅಜ್ಜ ಸೋತ” ಎಂದೆ.

ನೀನು ನನ್ನ ಕಡೆ ಮುಖ ತಿರುಗಿಸಿದೆ. ಆಮೇಲೆ, “ಹೌ?” ಎಂದೆ.

ಹೇಗೆಂದು ನನಗೆ ತಿಳಿದಿರಲಿಲ್ಲ. “ಸೋತ, ಅಷ್ಟ.”

“ಓಕೆ, ಅಪ್ಪಾ. ಥ್ಯಾಂಕ್ಸ್.”

ಆ ‘ಥ್ಯಾಂಕ್ಸ್’... ಬೈದಿದ್ದರೆ ಆಗುತ್ತಿತ್ತು. ಜಗಳವಾಡಿದ್ದರೆ ಇನ್ನೂ ಒಳ್ಳೆಯದಿತ್ತು. ನೀನು ಕಿಟಕಿಯ ಕಡೆ ತಿರುಗಿದೆ, ಲ್ಯಾಪ್‌ಟಾಪನ್ನು ಮತ್ತೆ ಕೇಳಲಿಲ್ಲ. ಎಂಟನೆಯ ದಿನ ನೀನು ಹೋದೆ.

ನಿನ್ನ ಅಮ್ಮ ಜೂನ್‌ನಲ್ಲಿ ಹುಬ್ಬಳ್ಳಿಗೆ ತಂಗಿಯ ಮನೆಗೆ ಹೋದಳು, ಇನ್ನೂ ಬಂದಿಲ್ಲ. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ಈ ಮನೆಯಲ್ಲಿ ನಾಲ್ಕು ಕೋಣೆಗಳಿವೆಯೆಂದು ಈಗ ಗಮನಕ್ಕೆ ಬರುತ್ತಿದೆ. ಜುಲೈನಲ್ಲಿ ಕ್ರಿಕೆಟ್ ವಿಶ್ವಕಪ್ಪಿನ ಫೈನಲ್‌ನಲ್ಲಿ ಸಮ ಓಟ ಗಳಿಸಿಯೂ ಈ ದೇಶದವರಿಗೆ ಕಪ್ ತಪ್ಪಿತು. ಕಚೇರಿಯಲ್ಲಿ ಒಂದು ವಾರ ಎಲ್ಲರೂ ಸೂತಕದವರಂತೆ ಓಡಾಡಿದರು. ನನ್ನ ಮುಖ ನೋಡಿದ ಹೊಸಬನೊಬ್ಬ ಅದೇ ದುಃಖವೆಂದು ಭಾವಿಸಿ, “ಐ ನೋ, ಮೇಟ್. ಐ ನೋ” ಎಂದು ಬೆನ್ನು ತಟ್ಟಿದ. ನಾನು ತಿದ್ದಲಿಲ್ಲ. ನಾಲ್ಕು ತಿಂಗಳಲ್ಲಿ ನನ್ನ ಬೆನ್ನ ಮೇಲೆ ಬಿದ್ದ ಮೊದಲ ಕೈ ಅದು.

ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ನಿನ್ನ ಲ್ಯಾಪ್‌ಟಾಪ್ ತೆರೆದೆ. ನಿನ್ನ ನಿಯಮದಂತೆಯೇ ನಡೆದೆ: ಒಂದು ಕುಸ್ತಿ, ಒಂದು ಶನಿವಾರ, ಒಂದು ಪುಟ. ಮೊದಲು ನೋಡುವುದು, ನನ್ನ ಅಭಿಪ್ರಾಯ ಬರೆಯುವುದು, ಆಮೇಲೆ ನಿನ್ನದನ್ನು ಓದುವುದು. ಮೊದಲ ಕುಸ್ತಿ ಕಪ್ಪು ಚಡ್ಡಿಯ ಇಬ್ಬರು ಹೊಸ ಹುಡುಗರದು. ನಾಲ್ಕೈದು ಪಟ್ಟುಗಳ ಹೊರತು ಬೇರೇನನ್ನೂ ಬಳಸಲು ಅವರಿಗೆ ಅನುಮತಿಯಿಲ್ಲವೆಂದು ನೀನು ಬರೆದಿದ್ದೀ. ಸರಿಯಾದ ಶಿಕ್ಷಣ. ಇಬ್ಬರೂ ಅಲಂಕಾರವಿಲ್ಲದೆ ವಾದ ಮಂಡಿಸಿದರು. ನೀನು ಐದಕ್ಕೆ ಎರಡೂವರೆ ನಕ್ಷತ್ರ ಕೊಟ್ಟಿದ್ದೆ. ನಾನೂ ಅಷ್ಟೇ ಕೊಟ್ಟಿದ್ದೆ. ಆ ಸಮಾನತೆ ಕಂಡು ಎದ್ದು ಅಡುಗೆಮನೆಗೆ ಹೋಗಿ ಬರಬೇಕಾಯಿತು.

ಎರಡನೆಯದರಲ್ಲಿ ಆರು ಮಂದಿ ವೃದ್ಧರು. ಒಬ್ಬನ ಬೋಳುತಲೆಯ ಮೇಲೆ ಯಾರು ಹೊಡೆದರೂ ಹೊಡೆದವನಿಗೇ ಕೈನೋವು. ನಾನು ಗಟ್ಟಿಯಾಗಿ ನಕ್ಕೆ. ಖಾಲಿ ಮನೆಯಲ್ಲಿ ಒಬ್ಬನೇ ನಕ್ಕರೆ ಆ ಸದ್ದು ಎಷ್ಟು ಅಪರಿಚಿತವಾಗಿರುತ್ತದೆಂದು ನಿನಗೆ ತಿಳಿಯದಿರಲಿ. ಮೂರನೆಯದರಲ್ಲಿ ಮುಖವಾಡದವರ ಹಾರಾಟಕ್ಕೆ ನೀನು ನಾಲ್ಕು ನಕ್ಷತ್ರ ಕೊಟ್ಟೆ. ವೇಗವನ್ನು ಯುಕ್ತಿಯೆಂದು ಭ್ರಮಿಸಿದ್ದೀ. ಎರಡೂಮುಕ್ಕಾಲು ಸಾಕು.

ನಾಲ್ಕನೆಯದರ ಬಗ್ಗೆ ನಾನು ಬಲವಾಗಿ ಭಿನ್ನಾಭಿಪ್ರಾಯ ಹೊಂದಿದ್ದೇನೆ. ಆ ಎತ್ತರದ ವಿದೇಶೀಯನನ್ನು ಮೊದ್ದನೆಂದು ಜರೆದು ಒಂದೇ ನಕ್ಷತ್ರ ಕೊಟ್ಟಿದ್ದೀ. ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ತನ್ನ ಅರ್ಧ ತೂಕದ ಎದುರಾಳಿಯನ್ನು ಅವನು ತಲೆಯ ಮೇಲಿಂದ ಎಸೆಯುತ್ತಾನಲ್ಲ, ಎಸೆಯುವಾಗ ಅವನ ಎಡಗೈ ಎಲ್ಲಿದೆ ನೋಡಿದೆಯಾ? ಆ ಚಿಕ್ಕವನ ಕತ್ತಿನ ಕೆಳಗೆ. ಕೊನೆಯ ಕ್ಷಣದವರೆಗೂ ಅಲ್ಲೇ. ಸಭೆಯವರಿಗೆ ಕಾಣದಂತೆ ಅವನು ಎದುರಾಳಿಯನ್ನು ನೆಲಕ್ಕೆ ಇಳಿಸಿದ. ಅದಕ್ಕಾಗಿಯೇ ಆ ಪಟ್ಟು ನಿನಗೆ ಒಡ್ಡೊಡ್ಡಾಗಿ ಕಂಡಿತು. ಫಲಿತಾಂಶ ಮೊದಲೇ ನಿಶ್ಚಯವಾಗಿದ್ದರೆ ಉಳಿಯುವುದೇನು ಎಂದು ನಾನು ಕೇಳುತ್ತಿದ್ದೆನಲ್ಲ? ಇದು ಉಳಿಯುತ್ತದೆ. ಬೀಳಿಸಲೇಬೇಕಾದವನನ್ನು ಹೇಗೆ ಬೀಳಿಸುವುದು ಎಂಬುದು. ನನಗೆ ಅದು ಬರಲಿಲ್ಲ, ಮಗಳೇ. ಮೂರೂವರೆ ನಕ್ಷತ್ರ.

ಇದಕ್ಕೆ ನೀನು ಏನು ಪ್ರತಿವಾದ ಹೂಡುತ್ತಿದ್ದೆ? ಪುಟ ತುಂಬ ಬರೆದು, ಉತ್ತರಕ್ಕೆಂದು ಕೆಳಗೆ ಜಾಗ ಬಿಟ್ಟು, ಅನಂತರ ನೆನಪಾಗಿ... ಎದುರು ಪಕ್ಷವಿಲ್ಲದ ಚರ್ಚೆಯಲ್ಲಿ ಗೆದ್ದವನಷ್ಟು ಒಂಟಿ ಯಾರೂ ಇಲ್ಲ.

ಐದನ್ನೂ ಆರನ್ನೂ ನೋಡಿದೆ. ನೀನು ಹೇಳಿ ಬರೆಸಿದ ಎರಡು ಪ್ಯಾರಾಗಳನ್ನು, ನನ್ನ ತಿದ್ದುಪಡಿಗಳನ್ನು ತೆಗೆದುಹಾಕಿ, ಇದ್ದಂತೆ ಪ್ರಕಟಿಸಿದೆ. ಏಳನೆಯದರ ಮುಂದೆ ನಿಂತುಬಿಟ್ಟೆ. ಎರಡು ಶನಿವಾರ ಕುಳಿತು ಎದ್ದೆ. ಕಡೆಗೆ ಮೆರೆಗೆ ಫೋನ್ ಮಾಡಿ, ಇನ್ನಾರಿಗೂ ಹೇಳದ್ದನ್ನು ಹೇಳಿದೆ: ನಿಮ್ಮಿಬ್ಬರ ನಿಯಮವನ್ನು ನಾನು ಮುರಿದೆ, ಅಜ್ಜ ಸೋತನೆಂದು ಅವಳಿಗೆ ಹೇಳಿಬಿಟ್ಟೆ.

ಮೆರೆ ಬೈಯಬಹುದೆಂದು ಕಾದೆ.

“ಅಂಕಲ್, ವೇರ್ ಡಿಡ್ ಯು ರೀಡ್ ದಟ್? ವಾಟ್ ಡಿಡ್ ಇಟ್ ಸೇ, ಎಕ್ಸಾಕ್ಟ್ಲಿ?”

ಹಳೆಯ ಹುಡುಕಾಟ ಫೋನಿನಲ್ಲಿಯೇ ಇತ್ತು. ತೆಗೆದು ಓದಿ ಹೇಳಿದೆ. ಊರಿನ ಹೆಸರು ಒಸಾಕಾ ಎಂದಿತ್ತು.

“ಒಸಾಕಾ?” ಅವಳ ದನಿ ಏರಿತು. “ಅಂಕಲ್, ಯು ಎಗ್! ಅವರ್ಸ್ ಈಸ್ ದ ಟೋಕಿಯೊ ಶೋ. ದೇ ಫಾಟ್ ಟ್ವೈಸ್. ಒಸಾಕಾ ಈಸ್ ದ ನೆಕ್ಸ್ಟ್ ಯಿಯರ್!”

ಕೇಳಿದೆಯಾ? ಮೂಲವನ್ನು ಪರಿಶೀಲಿಸದೆ ಉಲ್ಲೇಖಿಸಬಾರದೆಂದು ಹತ್ತು ವರ್ಷದವಳಿದ್ದಾಗಿನಿಂದ ನಿನ್ನನ್ನು ಗದರಿಸಿದವನು, ಮೊದಲ ಸಾಲನ್ನು ಓದಿ ಎದ್ದು ಬಂದಿದ್ದ. ಇಪ್ಪತ್ತು ವರ್ಷಗಳಿಂದ ಈ ದೇಶದಲ್ಲಿದ್ದೇನೆ, ಯಾರೂ ನನ್ನನ್ನು ಮೂರ್ಖನೆಂಬರ್ಥದಲ್ಲಿ ‘ಎಗ್’ ಎಂದು ಕರೆದಿರಲಿಲ್ಲ. ಅಳುತ್ತಿದ್ದೇನೆಂದು ಮೆರೆಗೆ ತಿಳಿದಿರಬೇಕು. “ಡೋಂಟ್ ಡ್ರೈವ್, ಫ್ಲೈ ಡೌನ್” ಎಂದಳು.

ಕಳೆದ ಭಾನುವಾರ ಮಧ್ಯಾಹ್ನ ಅಪ್ಪರ್ ಹಟ್‌ನ ನಿಮ್ಮ ಕೋಣೆಯಲ್ಲಿ ಮೆರೆಯ ಜೊತೆ ಕುಳಿತು ಆ ಕುಸ್ತಿಯನ್ನು ನೋಡಿದೆ. ಅವಳೂ ಈವರೆಗೆ ನೋಡಿರಲಿಲ್ಲ. ನಿಮ್ಮ ಒಪ್ಪಂದವನ್ನು ಒಬ್ಬಳೇ ಪಾಲಿಸಿಕೊಂಡು ಬಂದಿದ್ದಳು. ಸೋಫಾದಲ್ಲಿ ನೀನು ಕೂರುತ್ತಿದ್ದ ಕಡೆ ನಾವಿಬ್ಬರೂ ಕೂರಲಿಲ್ಲ. ಹೆಸರು ಕೂಗಿದಾಗ ಸಭೆಯವರು ಬಣ್ಣದ ಕಾಗದದ ಸುರುಳಿಗಳನ್ನು ಎಸೆಯುತ್ತಾರೆ; ಅಜ್ಜನ ಮೇಲೆ ಬಿದ್ದವು ಎಷ್ಟೆಂದರೆ ಅವನ ಪಟ್ಟಿ ಸುತ್ತಿದ ಮೊಣಕಾಲು ಕಾಣಿಸಲಿಲ್ಲ. ಶಿಷ್ಯ ಅದೇ ಕಾಲನ್ನು ಒದೆಯುತ್ತಾನೆ. ಒದ್ದ ಪ್ರತಿಸಲವೂ ಒಂದು ಹೆಜ್ಜೆ ಹಿಂದೆ ಸರಿದು, ಅನುಮತಿ ಕೇಳುವವನಂತೆ ಗುರುವಿನ ಮುಖ ನೋಡುತ್ತಾನೆ. ಹದಿನೈದನೆಯ ನಿಮಿಷಕ್ಕೆ ಅಷ್ಟು ದೊಡ್ಡ ಸಭೆ ನಿಶ್ಶಬ್ದವಾಗುತ್ತದೆ. ಆಮೇಲೆ ಕಾಲಿನಿಂದ ನೆಲ ಬಡಿಯತೊಡಗುತ್ತದೆ. ನಾನೂ ಬಡಿಯುತ್ತಿದ್ದೆನಂತೆ. ಕೆಳಗಿನ ಮನೆಯವರು ಬಂದರೆ ನಾನೇ ಮಾತಾಡಿಕೊಳ್ಳುತ್ತೇನೆಂದು ಹೇಳಿದೆನಂತೆ.

ನನ್ನ ಎದೆಯಲ್ಲಿ ಒಂದು ಮುಳ್ಳು ಇನ್ನೂ ಇದೆ. ಆ ಎಂಟು ದಿನ ನೀನು ಅಜ್ಜನ ಸೋಲನ್ನು ಜೊತೆಗಿಟ್ಟುಕೊಂಡು ಮಲಗಿದ್ದೆ. ಅದನ್ನು ನಾನು ಹಿಂದಕ್ಕೆ ಪಡೆಯಲಾರೆ. ಕ್ಷಮೆಗೂ ಅರ್ಜಿ ಹಾಕುವುದಿಲ್ಲ. ಆದರೆ ನಿನಗೆ ಮುಟ್ಟಬೇಕಾದ ಸುದ್ದಿ ಇದು: ನಾನು ಕಸಿದದ್ದು ಆ ಕುಸ್ತಿಯನ್ನಲ್ಲ. ಒಸಾಕಾದಲ್ಲಿ ಆದದ್ದರಿಂದ ಟೋಕಿಯೊದಲ್ಲಿ ಆದದ್ದನ್ನು ಊಹಿಸಲು ಹೋಗಬೇಡ, ಅದು ತರ್ಕದೋಷ. ಅವನು ಎರಡೂ ಕಡೆ ಸೋತಿರಬಹುದು, ಇಲ್ಲಿ ಗೆದ್ದಿರಬಹುದು, ಇಬ್ಬರೂ ಗೆಲ್ಲದೆ ಹೊತ್ತು ಮುಗಿದಿರಬಹುದು. ನಿನ್ನ ಕುಸ್ತಿ ನಿನಗಾಗಿ ಮುಟ್ಟದೆ ಉಳಿದಿದೆ.

ವಿಮರ್ಶೆ ಬರೆದು ನಿನ್ನ ತಾಣದಲ್ಲಿ ಹಾಕಿದ್ದೇನೆ. ಯಾರು ಗೆದ್ದರೆಂದು ಅದರಲ್ಲಿಲ್ಲ. ಓದುಗನೊಬ್ಬ ಕೆಳಗೆ, ಫಲಿತಾಂಶವನ್ನೇ ಬರೆಯದ ವಿಮರ್ಶೆಯೂ ಒಂದು ವಿಮರ್ಶೆಯೇ? ಎಂದು ಕೆಣಕಿದ್ದಾನೆ. ಅವನಿಗೆ ದೀರ್ಘವಾಗಿ ಉತ್ತರಿಸಿದ್ದೇನೆ. ಮೆರೆಯೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ಆ ಕುಸ್ತಿ ನೋಡಿಬಂದೆನೆಂದು ತಿಳಿಸಿದಾಗ ಹುಬ್ಬಳ್ಳಿಯಿಂದ ನಿನ್ನ ಅಮ್ಮ ಫೋನಿನಲ್ಲಿ, “ಏನಾತು, ಗೆದ್ದನೋ ಇಲ್ಲೋ ಆ ಮುದುಕ?” ಎಂದು ಕೇಳಿದಳು. ನೀನು ಹೋದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬಂದು ನೋಡು, ಎಂದೆ. ನವೆಂಬರ್‌ನಲ್ಲಿ ಬರುತ್ತಾಳೆ.

ನಿನಗೂ ಹೇಳುವುದಿಲ್ಲ, ಮೇದಿನಿ. ನೀನೇ ಬಂದು ಕೇಳಿದರೂ ಹೇಳುವುದಿಲ್ಲ.

ನಿನ್ನ,
ಅಪ್ಪ